ಬ್ಯಾಂಕಿನ ಒಟಿಪಿ ಬರುತ್ತಿಲ್ಲವೇ? ಮೊದಲು ಏನು ನೋಡಬೇಕು, ಆಮೇಲೆ ಏನು: ಸಮಗ್ರ ಮಾರ್ಗದರ್ಶಿ

ನೆಟ್‌ಬ್ಯಾಂಕಿಂಗ್‌ನಲ್ಲಿ ಎಲ್ಲ ತುಂಬಿ ಆಗಿದೆ, ಪಾಸ್‌ವರ್ಡೂ ಸರಿ ಇದೆ, ಒಟಿಪಿ ಮಾತ್ರ ಬರುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯಲ್ಲೂ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾದಲ್ಲೂ ಈ ದೂರು ಹೇಳದವರು ಕಡಿಮೆ. ಹೆಚ್ಚಿನವರು ಮಾಡುವುದೂ ಒಂದೇ ರೀತಿ. ನಾಲ್ಕೈದು ಸಲ ರೀಸೆಂಡ್ ಒತ್ತುತ್ತಾರೆ, ಬ್ಯಾಂಕಿಗೆ ಬೈಯುತ್ತಾರೆ, ಮಾರನೇ ದಿನ ಪೇಟೆಗೆ ಹೋಗಿ ಹೊಸ ಸಿಮ್ ಹಾಕಿಸಿಕೊಂಡು ಬರುತ್ತಾರೆ. ಆ ಹೊಸ ಸಿಮ್ಮಿನಿಂದಾಗಿಯೇ ಇನ್ನೊಂದು ದಿನ ಒಟಿಪಿ ಬರುವುದಿಲ್ಲ. ಯಾಕೆಂಬುದು ಐದನೇ ಹಂತದಲ್ಲಿದೆ.

ಒಟಿಪಿ ಮೂರು ಕಡೆ ದಾಟಿ ಬರಬೇಕು. ಬ್ಯಾಂಕು ಕಳಿಸಬೇಕು, ಮೊಬೈಲ್ ಕಂಪನಿ ಮುಟ್ಟಿಸಬೇಕು, ಫೋನು ತೋರಿಸಬೇಕು. ಎಲ್ಲಿ ಸಿಕ್ಕಿಕೊಂಡಿದೆ ಎಂದು ಪತ್ತೆ ಮಾಡದೆ ಮದ್ದು ಮಾಡುವುದರಿಂದಲೇ ಅರ್ಧ ಜನ ಸೋಲುತ್ತಾರೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಂತ ಹಾರಿಸಬೇಡಿ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇರುವ ಫೋನು, ಮನೆಯವರದ್ದೋ ಪಕ್ಕದ ಮನೆಯವರದ್ದೋ ಇನ್ನೊಂದು ಫೋನು, ಪಾಸ್‌ಬುಕ್ಕು, ಒಂದು ಪೆನ್ನು, ಒಂದು ಹಾಳೆ. ಹಾಳೆ ಯಾಕೆಂದರೆ, ಎಷ್ಟು ಗಂಟೆಗೆ ಒಟಿಪಿ ಕೇಳಿದಿರಿ, ಬಂದರೆ ಎಷ್ಟು ಗಂಟೆಗೆ ಬಂತು ಎಂದು ಬರೆದಿಡಬೇಕು. ಕೊನೆಗೆ ದೂರು ಕೊಡುವ ಪರಿಸ್ಥಿತಿ ಬಂದರೆ ಆ ಹಾಳೆಯೇ ನಿಮ್ಮ ಸಾಕ್ಷಿ. "ಯಾವಾಗಲೂ ಬರುವುದಿಲ್ಲ" ಎಂದರೆ ಕೌಂಟರಿನಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಪಾಸ್‌ಬುಕ್ಕಿನ ಹಿಂದೆ ಅಥವಾ ಡೆಬಿಟ್ ಕಾರ್ಡಿನ ಮೇಲೆ ಇರುವ ಬ್ಯಾಂಕಿನ ಸಹಾಯವಾಣಿ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಗೂಗಲ್‌ನಲ್ಲಿ "ಕಸ್ಟಮರ್ ಕೇರ್ ನಂಬರ್" ಎಂದು ಹುಡುಕಬೇಡಿ. ಒಟಿಪಿ ಸಿಗದೆ ಪರದಾಡುವವರಿಗಾಗಿಯೇ ಅಲ್ಲಿ ನಕಲಿ ನಂಬರುಗಳು ಕಾದು ಕುಳಿತಿರುತ್ತವೆ.

ಹಂತ 1: ರೀಸೆಂಡ್ ಒತ್ತುವುದನ್ನು ನಿಲ್ಲಿಸಿ

ಬಹುತೇಕ ಬ್ಯಾಂಕುಗಳಲ್ಲಿ ಹೊಸ ಒಟಿಪಿ ಹೊರಟ ಕೂಡಲೇ ಹಳೆಯದು ಸತ್ತುಹೋಗುತ್ತದೆ. ಸಿಗ್ನಲ್ ಕಡಿಮೆ ಇರುವಲ್ಲಿ ಮೆಸೇಜುಗಳು ತಡವಾಗಿ ಬರುತ್ತವೆ, ಕೆಲವೊಮ್ಮೆ ಹಿಂದುಮುಂದಾಗಿಯೂ ಬರುತ್ತವೆ. ನೀವು ಮೂರು ಸಲ ಒತ್ತಿದ್ದರೆ, ಈಗ ಟಣ್ ಎಂದು ಬಂದದ್ದು ಮೊದಲನೆಯದ್ದು ಇರಬಹುದು. ಅದನ್ನು ತುಂಬಿದರೆ "ತಪ್ಪು ಒಟಿಪಿ" ಎನ್ನುತ್ತದೆ. ಗಡಿಬಿಡಿಯಲ್ಲಿ ಇನ್ನೆರಡು ಸಲ ತಪ್ಪು ತುಂಬಿದರೆ ಲಾಗಿನ್ನೇ ಲಾಕ್. ಒಟಿಪಿ ಬಾರದ ಸಮಸ್ಯೆಗೆ ಈಗ ಲಾಕ್ ಆದ ಸಮಸ್ಯೆಯೂ ಸೇರಿಕೊಂಡಿತು.

ಸರಿಯಾದ ಕ್ರಮ ಇದು: ಒಂದೇ ಸಲ ಒಟಿಪಿ ಕೇಳಿ. ಗಂಟೆ ಬರೆದುಕೊಳ್ಳಿ. ಪರದೆಯಲ್ಲಿ ಎಷ್ಟು ನಿಮಿಷದ ಅವಧಿ ಕೊಟ್ಟಿದ್ದಾರೋ ಅಷ್ಟೂ ಕಾಯಿರಿ. ಬರದಿದ್ದರೆ ಆ ಪುಟ ಮುಚ್ಚಿ, ಪೂರ್ತಿ ಲಾಗ್‌ಔಟ್ ಆಗಿ, ಮುಂದಿನ ಹಂತಕ್ಕೆ ಬನ್ನಿ.

ಕೆಲವು ಬ್ಯಾಂಕುಗಳು ಪರದೆಯ ಮೇಲೂ ಮೆಸೇಜಿನಲ್ಲೂ ಒಂದು ರೆಫರೆನ್ಸ್ ನಂಬರ್ ಕೊಡುತ್ತವೆ. ಎರಡೂ ತಾಳೆಯಾದರೆ ಮಾತ್ರ ತುಂಬಿ. ಆ ಸಾಲನ್ನು ಓದುವವರೇ ಇಲ್ಲ, ಎಲ್ಲರ ಕಣ್ಣೂ ನೇರ ಆರಂಕಿಯ ಮೇಲೆ.

ಹಂತ 2: ಮೂರು ಪರೀಕ್ಷೆ ಮಾಡಿ, ತಪ್ಪು ಯಾರದ್ದೆಂದು ತಿಳಿಯಿರಿ

ಮೊದಲ ಪರೀಕ್ಷೆ: ಇನ್ನೊಂದು ಫೋನಿನಿಂದ ನಿಮ್ಮ ನಂಬರಿಗೆ ಒಂದು ಸಾದಾ ಎಸ್ಸೆಮ್ಮೆಸ್ ಕಳಿಸಿ. ವಾಟ್ಸಾಪ್ ಲೆಕ್ಕಕ್ಕಿಲ್ಲ, ಅದು ಇಂಟರ್‌ನೆಟ್ಟಿನ ದಾರಿ. ಫೋನಿನ ಮೆಸೇಜು ಆ್ಯಪಿನಲ್ಲೂ ಇಬ್ಬರ ನಡುವೆ ಇಂಟರ್‌ನೆಟ್ ಚಾಟ್ ಚಾಲೂ ಇರಬಹುದು, ಆದ್ದರಿಂದ ಕಳಿಸುವವರು ಡೇಟಾ ಮತ್ತು ವೈಫೈ ಎರಡನ್ನೂ ಆಫ್ ಮಾಡಿ ಕಳಿಸಲಿ. ಆ ಮೆಸೇಜು ಬಾರದಿದ್ದರೆ ಬ್ಯಾಂಕಿನ ತಪ್ಪೇನಿಲ್ಲ. ನೆಟ್‌ವರ್ಕ್, ಸಿಮ್ ಅಥವಾ ರೀಚಾರ್ಜಿನ ಸಮಸ್ಯೆ. ಹಂತ 3 ಮತ್ತು 5 ನಿಮಗೆ.

ಎರಡನೇ ಪರೀಕ್ಷೆ: ಸಾದಾ ಮೆಸೇಜು ಬಂತೆಂದಾದರೆ, ಪಾಸ್‌ಬುಕ್ಕಿನಲ್ಲಿರುವ ಬ್ಯಾಲೆನ್ಸ್ ವಿಚಾರಣೆಯ ಮಿಸ್ಡ್ ಕಾಲ್ ನಂಬರಿಗೆ ನಿಮ್ಮ ಫೋನಿನಿಂದ ಕರೆ ಮಾಡಿ. ಬ್ಯಾಲೆನ್ಸ್ ಮೆಸೇಜು ಬಂದರೆ ಬ್ಯಾಂಕಿನಲ್ಲಿ ನಿಮ್ಮ ನಂಬರು ಇದೆ, ದಾರಿಯೂ ತೆರೆದಿದೆ. ಹಾಗಿದ್ದೂ ಒಟಿಪಿ ಇಲ್ಲವೆಂದರೆ ಫೋನಿನೊಳಗೆ ಹುಡುಕಿ, ಅಂದರೆ ಹಂತ 4. "ನಂಬರು ನೋಂದಣಿಯಾಗಿಲ್ಲ" ಎಂದು ಉತ್ತರ ಬಂದರೆ ನೇರ ಹಂತ 6.

ಮೂರನೆಯದು ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿ ನೋಡುವುದು. ಹಳೆಯ ಕೀಪ್ಯಾಡ್ ಫೋನಿದ್ದರೆ ಒಳ್ಳೆಯದು, ಆದರೆ ಅದು ನಿಮ್ಮ ಕಂಪನಿಯ ನೆಟ್‌ವರ್ಕ್ ಹಿಡಿಯುವಂಥದ್ದಾಗಿರಬೇಕು. ಜಿಯೋ ಸಿಮ್ ಹಳೆಯ 2ಜಿ ಫೋನಿನಲ್ಲಿ ಏಳುವುದೇ ಇಲ್ಲ. ಅಲ್ಲಿ ಒಟಿಪಿ ಬಂದರೆ ತಪ್ಪು ನಿಮ್ಮ ಫೋನಿನದ್ದು.

ಇಷ್ಟಾದರೆ ಯಾರ ಹತ್ತಿರ ಹೋಗಬೇಕು, ಯಾರ ಹತ್ತಿರ ಹೋಗಬೇಕಾಗಿಲ್ಲ ಎಂಬುದು ಗೊತ್ತಾಗುತ್ತದೆ. ಶಿರಸಿ ಪೇಟೆಗೆ ಬಸ್ಸು ಹತ್ತುವುದು ಇದರ ಮೇಲೆ ನಿರ್ಧಾರವಾಗಲಿ.

ಹಂತ 3: ಸಿಗ್ನಲ್, ನಮ್ಮ ಜಿಲ್ಲೆಯ ಅಸಲಿ ತಲೆನೋವು

ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಈ ದೃಶ್ಯ ಉಂಟು. ಜಗಲಿಯ ಕಂಬದ ಒಂದು ಮೊಳೆಗೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಫೋನು ತೂಗುತ್ತಿರುತ್ತದೆ. ಅಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್. ಒಂದು ಗೇಣು ಆಚೆ ಸರಿಸಿದರೆ ಅದೂ ಇಲ್ಲ. ಕಂಪ್ಯೂಟರು ಒಳಕೋಣೆಯಲ್ಲಿ. ಒಟಿಪಿ ಕೇಳಿ, ಜಗಲಿಗೆ ಓಡಿ, ಅಂಕೆ ಬಾಯಿಪಾಠ ಮಾಡಿಕೊಂಡು ವಾಪಸು ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಇಂಥವರು ಕೆಲಸವನ್ನೇ ಫೋನಿದ್ದಲ್ಲಿಗೆ ಒಯ್ಯಬೇಕು. ಲ್ಯಾಪ್‌ಟಾಪ್ ಜಗಲಿಗೆ ತನ್ನಿ, ಇಲ್ಲವೇ ಒಬ್ಬರನ್ನು ಕಂಬದ ಹತ್ತಿರ ನಿಲ್ಲಿಸಿ. ಆದರೆ ಅಂಕೆ ಕೂಗಿ ಹೇಳುವವರು ಮನೆಯವರೇ ಆಗಿರಲಿ.

ಮೆಸೇಜು ಹೇಗೆ ಬರುತ್ತದೆಂದು ಒಂದು ಮಾತು. ಫೋನು ಸಿಗದಿದ್ದರೆ ಕಂಪನಿಯ ಮೆಸೇಜ್ ಕೇಂದ್ರ ಅದನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪ್ರತಿ ಸೋಲಿನ ನಂತರ ನಡುವಿನ ಅಂತರ ಹೆಚ್ಚುತ್ತ ಹೋಗುತ್ತದೆ. ಫೋನು ಹೊಸದಾಗಿ ಟವರಿಗೆ ಹಾಜರಿ ಹಾಕಿದಾಗ "ಇವರು ಸಿಕ್ಕಿದರು" ಎಂಬ ಸುದ್ದಿ ಆ ಕೇಂದ್ರಕ್ಕೆ ಹೋಗುತ್ತದೆ. ಫ್ಲೈಟ್ ಮೋಡ್ ಹಾಕಿ ತೆಗೆದರೆ ಮೆಸೇಜುಗಳು ದಬದಬ ಬಂದು ಬೀಳುವುದು ಇದಕ್ಕೇ. ಕ್ರಮ ಹೀಗಿರಲಿ: ಸಿಗ್ನಲ್ ಇರುವ ಜಾಗಕ್ಕೆ ಹೋಗಿ, ಫ್ಲೈಟ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ, ಕಡ್ಡಿಗಳು ನಿಂತ ಮೇಲೆ ಒಟಿಪಿ ಕೇಳಿ. ಒಟಿಪಿ ಕೇಳಿದ ಮೇಲೆ ಸಿಗ್ನಲ್ ಹುಡುಕಿಕೊಂಡು ಅಲೆಯುವುದು ಉಲ್ಟಾ ಕ್ರಮ.

ಮನೆಯಲ್ಲಿ ಫೈಬರ್ ಇಂಟರ್‌ನೆಟ್ ಇದೆ, ಮೊಬೈಲ್ ಟವರ್ ಮಾತ್ರ ಸಿಗುವುದಿಲ್ಲ ಎನ್ನುವವರು ಫೋನಿನ ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ ನೋಡಿ. ಅನೇಕ ಫೋನುಗಳಲ್ಲಿ ಕರೆಯ ಜೊತೆ ಎಸ್ಸೆಮ್ಮೆಸ್ಸೂ ಅದೇ ದಾರಿಯಲ್ಲಿ ಬರುತ್ತದೆ, ಕೆಲವು ಮಾಡೆಲುಗಳಲ್ಲಿ ಕರೆ ಮಾತ್ರ. ಹಂತ 2ರ ಸಾದಾ ಮೆಸೇಜಿನ ಪರೀಕ್ಷೆ ಮಾಡಿದರೆ ನಿಮ್ಮದು ಯಾವ ಜಾತಿ ಎಂದು ಗೊತ್ತಾಗುತ್ತದೆ. ಜೋಯಿಡಾ, ಯಲ್ಲಾಪುರದ ಕಾಡಂಚಿನ ಮನೆಗಳಿಗೆ ಇದಕ್ಕಿಂತ ಸುಲಭದ ಉಪಾಯ ನನಗೆ ಕಂಡಿಲ್ಲ.

ಫೋನಿನಲ್ಲಿ "4ಜಿ ಮಾತ್ರ" ಅಥವಾ "5ಜಿ ಮಾತ್ರ" ಎಂದು ಯಾರಾದರೂ ಮಾಡಿಟ್ಟಿದ್ದಾರೋ ನೋಡಿ. ಇಂಟರ್‌ನೆಟ್ ವೇಗ ಬರಲಿ ಎಂದು ಹುಡುಗರು ಹಾಗೆ ಮಾಡಿಕೊಟ್ಟಿರುತ್ತಾರೆ. ವೋಲ್ಟೆ (4ಜಿಯಲ್ಲೇ ಕರೆ ಹೋಗುವ ವ್ಯವಸ್ಥೆ) ಚಾಲೂ ಇಲ್ಲದ ಸಿಮ್ಮಿನಲ್ಲಿ ಕರೆ, ಮೆಸೇಜು ಎರಡೂ ನಿಲ್ಲಬಹುದು. ಅದನ್ನು ಆಟೋಗೆ ಬದಲಿಸಿ.

ಕಾರವಾರದ ಉತ್ತರಕ್ಕೆ ಮಾಜಾಳಿ ಕಡೆಯವರಿಗೆ ಇನ್ನೊಂದು ತೊಡಕು. ಫೋನು ಒಮ್ಮೆ ನಮ್ಮ ಟವರು, ಒಮ್ಮೆ ಗೋವಾದ ಟವರು ಹಿಡಿಯುತ್ತದೆ. ಗೋವಾ ದೂರಸಂಪರ್ಕದ ಲೆಕ್ಕದಲ್ಲಿ ಮಹಾರಾಷ್ಟ್ರ ವೃತ್ತಕ್ಕೆ ಸೇರಿದ್ದು. ದೇಶದೊಳಗಿನ ರೋಮಿಂಗಿನಲ್ಲಿ ಒಳಬರುವ ಮೆಸೇಜಿಗೆ ದುಡ್ಡಿಲ್ಲ, ತಡೆಯೂ ಇಲ್ಲ. ಆದರೆ ಫೋನು ಆಚೆ ಈಚೆ ಜಿಗಿಯುವ ಹೊತ್ತಿನಲ್ಲಿ ಮೆಸೇಜು ತಡವಾಗುತ್ತದೆ. ರೋಮಿಂಗ್ ಗುರುತು ಬಂದು ಹೋಗಿ ಮಾಡುತ್ತಿದ್ದರೆ ಅದು ಒಂದು ಕಡೆ ನಿಲ್ಲುವವರೆಗೆ ಕಾಯಿರಿ.

ಮಳೆಗಾಲದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದಾಗ ಊರಿಗೆ ಊರೇ ಸ್ತಬ್ಧ. ಆಗ ನಿಮ್ಮ ಫೋನಿಗೆ ಏನು ಮಾಡಿದರೂ ಪ್ರಯೋಜನವಿಲ್ಲ. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಇಳಿಯುವ ಬಸ್ಸಿನಲ್ಲಿ ಕುಳಿತು ಹಣ ಕಳಿಸುವ ಸಾಹಸವನ್ನೂ ಮಾಡಬೇಡಿ.

ಹಂತ 4: ಫೋನಿನೊಳಗೆ ಅಡಗಿದೆಯೇ?

ಮೆಸೇಜು ಬಂದಿರುತ್ತದೆ, ನಿಮಗೆ ಕಾಣಿಸುತ್ತಿರುವುದಿಲ್ಲ. ಮೆಸೇಜು ಆ್ಯಪಿನಲ್ಲಿ "ಸ್ಪ್ಯಾಮ್ ಮತ್ತು ಬ್ಲಾಕ್" ಎಂಬ ಕಪಾಟು ಇರುತ್ತದೆ, ಅದನ್ನು ತೆರೆದು ನೋಡಿ. ಸಾಲದ ಜಾಹೀರಾತು ಬಂದಾಗ ಸಿಟ್ಟಿನಲ್ಲಿ ಬ್ಯಾಂಕಿನ ಹೆಸರನ್ನೇ ಬ್ಲಾಕ್ ಮಾಡಿದವರು ಬಹಳ ಜನ. ಟ್ರೂಕಾಲರ್‌ನಂಥ ಆ್ಯಪನ್ನು ಮೆಸೇಜಿಗೂ ಬಳಸುತ್ತಿದ್ದರೆ ಅದರೊಳಗೆ ಬೇರೆಯದೇ ಸ್ಪ್ಯಾಮ್ ಪೆಟ್ಟಿಗೆ ಇರುತ್ತದೆ.

ಖರ್ಚಿನ ಮೆಸೇಜು ಬರುತ್ತದೆ, ಒಟಿಪಿ ಬರುವುದಿಲ್ಲ ಎಂದರೆ ತಪ್ಪು ಸಾಮಾನ್ಯವಾಗಿ ಇಲ್ಲಿಯೇ. ಒಂದೇ ಬ್ಯಾಂಕು ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಹೆಸರಿನಿಂದ ಮೆಸೇಜು ಕಳಿಸುತ್ತದೆ. ಒಂದು ಹೆಸರು ಬ್ಲಾಕ್ ಆಗಿ ಇನ್ನೊಂದು ಉಳಿದಿರುತ್ತದೆ.

ಗೂಗಲ್ ಮೆಸೇಜಸ್‌ನಲ್ಲಿ ಒಟಿಪಿಗಳನ್ನು 24 ಗಂಟೆಯ ನಂತರ ತಾನೇ ಅಳಿಸುವ ಆಯ್ಕೆ ಇದೆ. ಅದರಿಂದ ಹೊಸ ಒಟಿಪಿಗೆ ತೊಂದರೆಯಿಲ್ಲ. "ನಿನ್ನೆ ಬಂದದ್ದು ಕಾಣೆಯಾಗಿದೆ" ಎಂದು ಗಾಬರಿಯಾಗಬೇಡಿ. ಫೋನಿನ ಜಾಗ ಪೂರ್ತಿ ತುಂಬಿದ್ದರೆ ಮಾತ್ರ ಸ್ವಲ್ಪ ಖಾಲಿ ಮಾಡಿ; ವಾಟ್ಸಾಪಿನ ಗುಡ್ ಮಾರ್ನಿಂಗ್ ಚಿತ್ರಗಳಿಂದ ಶುರು ಮಾಡಬಹುದು.

ಎರಡು ಸಿಮ್ಮಿನ ಫೋನಿನವರು ಇದನ್ನು ನೆನಪಿಡಿ. ಸಾಮಾನ್ಯ ಡ್ಯುಯಲ್ ಸಿಮ್ ಫೋನಿನಲ್ಲಿ ಒಂದು ಸಿಮ್ಮಿನಲ್ಲಿ ಮಾತಾಡುತ್ತಿರುವಾಗ ಇನ್ನೊಂದು ಸಿಮ್ ಮಲಗಿರುತ್ತದೆ. ಮೊದಲ ಸಿಮ್ಮಿನಿಂದ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ, ಎರಡನೇ ಸಿಮ್ಮಿಗೆ ಒಟಿಪಿ ಬರಲಿ ಎಂದು ಲೈನಿನಲ್ಲೇ ಕಾಯುವವರಿದ್ದಾರೆ. ಕರೆ ಇಡುವವರೆಗೆ ಅದು ಬರುವುದೇ ಇಲ್ಲ.

ಡಿಎನ್‌ಡಿ (ಜಾಹೀರಾತು ಬೇಡವೆಂಬ ನೋಂದಣಿ) ಹಾಕಿಸಿದ್ದರಿಂದ ಒಟಿಪಿ ನಿಂತಿತು ಎಂಬುದು ತಪ್ಪು ತಿಳಿವಳಿಕೆ. 1909ರಲ್ಲಿ ಪೂರ್ತಿ ಡಿಎನ್‌ಡಿ ಹಾಕಿಸಿದರೂ ಅದು ಜಾಹೀರಾತನ್ನು ತಡೆಯುತ್ತದೆಯೇ ಹೊರತು ಬ್ಯಾಂಕಿನ ವಹಿವಾಟಿನ ಮೆಸೇಜನ್ನಲ್ಲ. ಸೆಟ್ಟಿಂಗ್ಸ್‌ನಲ್ಲಿರುವ ಮೆಸೇಜ್ ಸೆಂಟರ್ ನಂಬರನ್ನೂ ಮುಟ್ಟಬೇಡಿ, ಅದು ನೀವು ಕಳಿಸುವ ಮೆಸೇಜಿಗೆ ಸಂಬಂಧಿಸಿದ್ದು.

ಹಂತ 5: ಸಿಮ್ ಮತ್ತು ರೀಚಾರ್ಜು

ರೀಚಾರ್ಜ್ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನ ಬಿಟ್ಟು ಒಳಬರುವುದೂ ನಿಲ್ಲುತ್ತದೆ. ಬ್ಯಾಂಕಿಗೆಂದೇ ಇಟ್ಟ ಎರಡನೇ ಸಿಮ್ಮಿನಲ್ಲಿ ಇದು ಸಾಮಾನ್ಯ. 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ನಂಬರೇ ಕೈತಪ್ಪಬಹುದು, ಆಮೇಲೆ ಅದು ಬೇರೊಬ್ಬರ ಪಾಲಾಗುತ್ತದೆ. ನಿಮ್ಮ ಒಟಿಪಿ ಅವರ ಫೋನಿಗೆ ಹೋಗುತ್ತದೆಂದು ಬೇರೆ ಹೇಳಬೇಕೇ? ಅಪ್ಪ ಅಮ್ಮನ ಕೀಪ್ಯಾಡ್ ಫೋನಿಗೆ ಡೇಟಾ ಪ್ಯಾಕ್ ಬೇಕಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಆದೇಶದ ಮೇಲೆ 2025ರಿಂದ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ರೀಚಾರ್ಜುಗಳು ಬಂದಿವೆ, ಅಂಗಡಿಯಲ್ಲಿ ಕೇಳಿ ಹಾಕಿಸಿ.

ಈಗ ಹೊಸ ಸಿಮ್ಮಿನ ವಿಷಯ. ಸಿಮ್ ಕಳೆದು ಅದೇ ನಂಬರಿನ ಹೊಸ ಸಿಮ್ ತೆಗೆದುಕೊಂಡರೆ, ಹಳೆಯ 3ಜಿ ಸಿಮ್ಮನ್ನು 4ಜಿಗೆ ಬದಲಿಸಿದರೆ, ಅಥವಾ ಇ-ಸಿಮ್ ಮಾಡಿಸಿದರೆ, ಚಾಲೂ ಆದ ಹೊತ್ತಿನಿಂದ 24 ಗಂಟೆ ಎಸ್ಸೆಮ್ಮೆಸ್ ಬಂದ್. ಕರೆ ಬರುತ್ತದೆ, ಇಂಟರ್‌ನೆಟ್ ಬರುತ್ತದೆ, ಮೆಸೇಜು ಮಾತ್ರ ಇಲ್ಲ. ಕಳ್ಳರು ನಿಮ್ಮ ಹೆಸರಿನಲ್ಲಿ ಸಿಮ್ ತೆಗೆದು ಖಾತೆ ಬಳಿಯದಿರಲಿ ಎಂದು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಇದು. ಒಳ್ಳೆಯ ನಿಯಮವೇ, ಆದರೆ ಸಿಮ್ ಕೊಡುವವರು ಇದನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಆದ್ದರಿಂದ ಸಾಲದ ಕಂತು, ವಿಮೆ, ಕಾಲೇಜು ಫೀಸು ಕಟ್ಟುವ ಕೊನೆಯ ದಿನದ ಹಿಂದುಮುಂದಿನಲ್ಲಿ ಸಿಮ್ ಬದಲಿಸಬೇಡಿ. ಬದಲಿಸಿದ್ದರೆ ಒಂದು ದಿನ ಸುಮ್ಮನಿರಿ. ಆ ಹೊತ್ತಿನಲ್ಲಿ ಒಟಿಪಿ ಕೇಳಿ ಕೇಳಿ ಲಾಗಿನ್ ಲಾಕ್ ಮಾಡಿಕೊಳ್ಳಬೇಡಿ. 2024ರ ಜುಲೈ 1ರಿಂದ ಸಿಮ್ ಬದಲಿಸಿದ ಮೇಲೆ 7 ದಿನ ಬೇರೆ ಕಂಪನಿಗೆ ಪೋರ್ಟ್ ಆಗುವಂತೆಯೂ ಇಲ್ಲ.

ಸಿಮ್ಮನ್ನೊಮ್ಮೆ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ಹಾಕಿ. ಬೈತಖೋಲ, ತದಡಿ ಬಂದರಿನಲ್ಲಿ ಉಪ್ಪುಗಾಳಿಗೆ ಮೈಯೊಡ್ಡಿದ ಫೋನುಗಳಲ್ಲಿ ಇಷ್ಟಕ್ಕೇ ಸರಿಹೋಗುವುದುಂಟು.

ಎಲ್ಲ ಸರಿಯಿದ್ದೂ ಸಾದಾ ಮೆಸೇಜೂ ಬಾರದಿದ್ದರೆ ಮೊಬೈಲ್ ಕಂಪನಿಯ ದೂರಿನ ನಂಬರು 198ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಪಡೆದು ಹಾಳೆಯಲ್ಲಿ ಬರೆದುಕೊಳ್ಳಿ.

ಹಂತ 6: ಬ್ಯಾಂಕಿನ ಪುಸ್ತಕದಲ್ಲಿ ಯಾರ ನಂಬರಿದೆ?

ಒಟಿಪಿ ಕೇಳುವ ಪರದೆಯಲ್ಲಿ ನಿಮ್ಮ ನಂಬರಿನ ಕೊನೆಯ ಕೆಲವು ಅಂಕೆಗಳು ಕಾಣಿಸುತ್ತವೆ. ಅದು ನಿಮ್ಮದೇ ಹೌದೇ? ಬೆಂಗಳೂರಿನಲ್ಲಿರುವ ಮಗನದ್ದೇ? ಖಾತೆ ತೆರೆದಾಗ ಅರ್ಜಿ ತುಂಬಿಕೊಟ್ಟವರದ್ದೇ? ಮೂರನೆಯದಾಗಿದ್ದರೆ ನೆಟ್‌ಬ್ಯಾಂಕಿಂಗ್ ಅಲ್ಲಿಗೇ ಬಿಟ್ಟು, ಇವತ್ತೇ ಶಾಖೆಗೆ ಹೋಗಿ.

ಕರಾವಳಿಯಲ್ಲಿ ಬ್ಯಾಂಕುಗಳ ವಿಲೀನದಿಂದಲೂ ಗೊಂದಲವಾಗಿದೆ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ, ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ನಮ್ಮ ಹಳ್ಳಿಗಳ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗ. ಹಳೆಯ ಖಾತೆಯ ಜೊತೆ ಹಳೆಯ ನಂಬರೂ ಹೊಸ ಬ್ಯಾಂಕಿಗೆ ಹೋಗಿರುತ್ತದೆ. ವರ್ಷಗಳಿಂದ ಮುಟ್ಟದ ಖಾತೆಯಾದರೆ ನಂಬರು, ಕೆವೈಸಿ (ಗುರುತು, ವಿಳಾಸದ ದಾಖಲೆ) ಎರಡನ್ನೂ ಶಾಖೆಯಲ್ಲಿ ನೋಡಿಸಿ.

ನಂಬರು ಬದಲಿಸಲು ಆಧಾರ್, ಪ್ಯಾನ್, ಪಾಸ್‌ಬುಕ್ ಹಿಡಿದು ಖಾತೆದಾರರೇ ಶಾಖೆಗೆ ಹೋಗುವುದು ನಿಶ್ಚಿಂತೆಯ ದಾರಿ. ಕೆಲವು ಬ್ಯಾಂಕುಗಳ ಎಟಿಎಂನಲ್ಲೂ ಆಗುತ್ತದೆ. ಅರ್ಜಿಯಲ್ಲಿ ಒಂದು ಕೆಲಸ ತಪ್ಪಿಸಬೇಡಿ: "ಎಸ್ಸೆಮ್ಮೆಸ್ ಅಲರ್ಟ್, ನೆಟ್‌ಬ್ಯಾಂಕಿಂಗ್, ಡೆಬಿಟ್ ಕಾರ್ಡ್ ಮೂರಕ್ಕೂ ಇದೇ ನಂಬರು" ಎಂದು ಬರೆದು, ಆಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಒಂದು ಕಡೆ ಬದಲಾಗಿ ಇನ್ನೊಂದು ಕಡೆ ಹಳೆಯದೇ ಉಳಿಯುವುದು ಬಹಳ ಸಲ ಆಗುವ ಎಡವಟ್ಟು. ಆಧಾರ್‌ನಲ್ಲಿರುವ ನಂಬರು ಬೇರೆಯದೇ ದಾಖಲೆ, ಬ್ಯಾಂಕಿನಲ್ಲಿ ಬದಲಿಸಿದರೆ ಅದು ಬದಲಾಗುವುದಿಲ್ಲ.

ಒಂದೇ ನಂಬರಿಗೆ ಮನೆಮಂದಿಯ ಖಾತೆಗಳನ್ನೆಲ್ಲ ಕಟ್ಟಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಯಜಮಾನರು ಬೋಟಿನಲ್ಲಿ ಆಳಸಮುದ್ರಕ್ಕೆ ಹೋದರೆ ಫೋನು ದಿನಗಟ್ಟಲೆ ರೇಂಜಿನ ಹೊರಗೆ; ಮನೆಯಲ್ಲಿ ಹೆಂಡತಿಯ ಖಾತೆಯ ಒಟಿಪಿಯೂ ಅದೇ ಫೋನಿಗೆ ಹೋಗುತ್ತದೆ. ಅವರವರ ಖಾತೆಗೆ ಅವರವರ ನಂಬರು ಇರಲಿ.

ಭಟ್ಕಳ, ಹೊನ್ನಾವರದಿಂದ ಗಲ್ಫಿಗೆ ಹೋಗುವವರು ವಿಮಾನ ಹತ್ತುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ, ಊರಿನಲ್ಲೇ ಒಂದು ಒಟಿಪಿ ತರಿಸಿ ಪರೀಕ್ಷಿಸಿ. ಅಲ್ಲಿಗೆ ಹೋದ ಮೇಲೆ ಅದನ್ನು ಚಾಲೂ ಮಾಡಿಸಲೂ ಒಟಿಪಿ ಬೇಕೆಂದರೆ ಎಲ್ಲಿಗೆ ಹೋಗುತ್ತೀರಿ? ಅಲ್ಲಿದ್ದಾಗ ರೀಚಾರ್ಜನ್ನು ಊರಿನವರಿಂದ ಹಾಕಿಸುತ್ತಿರಬೇಕು, ರೋಮಿಂಗಿನಲ್ಲಿ ಡೇಟಾ ಆಫ್ ಇಟ್ಟುಕೊಳ್ಳಬೇಕು.

ಹಂತ 7: ಆ್ಯಪ್ ನೋಂದಣಿಯಾಗದಿದ್ದರೆ ಕಥೆ ಬೇರೆ

ಯುಪಿಐ ಅಥವಾ ಬ್ಯಾಂಕಿನ ಆ್ಯಪ್ ಮೊದಲ ಸಲ ಹಾಕುವಾಗ "ನಂಬರು ಪರಿಶೀಲನೆ ವಿಫಲ" ಎಂದು ಬಂದರೆ ಒಟಿಪಿ ಹುಡುಕಬೇಡಿ. ಅಲ್ಲಿ ಮೆಸೇಜು ಉಲ್ಟಾ ದಿಕ್ಕಿನಲ್ಲಿ, ನಿಮ್ಮ ಫೋನಿನಿಂದ ಬ್ಯಾಂಕಿನ ಕಡೆಗೆ ಹೋಗಬೇಕು. ಹಾಗಾಗಿ ಎಸ್ಸೆಮ್ಮೆಸ್ ಕಳಿಸುವ ಸೌಲಭ್ಯ ಇರುವ ರೀಚಾರ್ಜ್ ಅಥವಾ ಬ್ಯಾಲೆನ್ಸ್ ಬೇಕು. ಬ್ಯಾಂಕಿನ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು, ಎರಡು ಸಿಮ್ಮಿದ್ದರೆ ಸರಿಯಾದದ್ದನ್ನು ಆರಿಸಬೇಕು. ಆ ಹೊತ್ತಿಗೆ ವೈಫೈ ಬಿಟ್ಟು ಆ ಸಿಮ್ಮಿನದ್ದೇ ಡೇಟಾ ಬಳಸಿದರೆ ಹೆಚ್ಚಿನ ಸಲ ಕೆಲಸ ಆಗುತ್ತದೆ. ಹೊಸ ಸಿಮ್ಮಿನ 24 ಗಂಟೆ ಇಲ್ಲಿಗೂ ಅನ್ವಯ, ಹೋಗುವ ಮೆಸೇಜೂ ಬಂದ್ ಇರುತ್ತದೆ.

ಇವು ಕಂಡರೆ ಎಲ್ಲ ಬಿಟ್ಟು ಖಾತೆ ಉಳಿಸಿಕೊಳ್ಳಿ

ಒಟಿಪಿ ಬಾರದಿರುವುದು ಕೆಲವೊಮ್ಮೆ ಕಳ್ಳತನದ ಮೊದಲ ಗುರುತು. ಪಕ್ಕದಲ್ಲಿ ಅದೇ ಕಂಪನಿಯ ಫೋನುಗಳಿಗೆ ಸಿಗ್ನಲ್ ಇದೆ, ನಿಮ್ಮದು ಮಾತ್ರ ಇದ್ದಕ್ಕಿದ್ದಂತೆ "ನೋ ಸರ್ವಿಸ್" ಎಂದರೆ ನಿಮ್ಮ ನಂಬರಿನ ಸಿಮ್ ಬೇರೆಯವರು ತೆಗೆದಿರಬಹುದು. ಬೇರೆ ಫೋನಿನಿಂದ ಮೊದಲು ಮೊಬೈಲ್ ಕಂಪನಿಗೆ, ಕೂಡಲೇ ಬ್ಯಾಂಕಿಗೆ ಕರೆ ಮಾಡಿ. "ನಾಳೆ ಪೇಟೆಗೆ ಹೋದಾಗ ನೋಡುವ" ಎನ್ನಬೇಡಿ.

ವಾಟ್ಸಾಪಿನಲ್ಲಿ ಬಂದ ಮದುವೆ ಕರೆಯೋಲೆ, ಆರ್‌ಟಿಒ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಎಂಬ ಹೆಸರಿನ ಎಪಿಕೆ ಫೈಲನ್ನು (ಒತ್ತಿದರೆ ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲು) ಒತ್ತಿದ ಮೇಲೆ ಒಟಿಪಿ ಕಾಣುತ್ತಿಲ್ಲವೇ? ಆ ಆ್ಯಪ್ ನಿಮ್ಮ ಮೆಸೇಜುಗಳನ್ನು ಓದಿ ಬೇರೆಡೆಗೆ ಕಳಿಸುತ್ತಿದೆ ಎಂದೇ ತಿಳಿಯಿರಿ. ಡೇಟಾ, ವೈಫೈ ಆಫ್ ಮಾಡಿ, ಸಿಮ್ ಹೊರಗೆ ತೆಗೆಯಿರಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ನಿಲ್ಲಿಸಿ. ಆ ಫೋನನ್ನು ಪೂರ್ತಿ ರೀಸೆಟ್ ಮಾಡುವವರೆಗೆ ಬ್ಯಾಂಕಿನ ಕೆಲಸಕ್ಕೆ ಬಳಸಬೇಡಿ.

"ಒಟಿಪಿ ಬರುತ್ತಿಲ್ಲವೇ, ಸ್ಟಾರ್ 401 ಸ್ಟಾರ್ ಒತ್ತಿ ಈ ನಂಬರು ಹಾಕಿ" ಎಂದು ಯಾರಾದರೂ ಹೇಳಿದರೆ ಅದು ನಿಮ್ಮ ಕರೆಗಳನ್ನು ಅವರ ಫೋನಿಗೆ ತಿರುಗಿಸುವ ತಂತ್ರ. ಕರೆಯ ಮೂಲಕ ಹೇಳುವ ಒಟಿಪಿ ಅವರ ಕಿವಿಗೆ ಬೀಳುತ್ತದೆ. ಅನುಮಾನ ಬಂದರೆ *#21# ಒತ್ತಿ ನೋಡಿ, ##002# ಒತ್ತಿದರೆ ತಿರುಗಿಸಿದ್ದೆಲ್ಲ ರದ್ದಾಗುತ್ತದೆ.

ಬ್ಯಾಂಕಿನ ಒಟಿಪಿ ಹತ್ತಂಕಿಯ ಸಾದಾ ಮೊಬೈಲ್ ನಂಬರಿನಿಂದ ಬರುವುದಿಲ್ಲ, ಅಕ್ಷರಗಳ ಹೆಸರಿನಿಂದ ಬರುತ್ತದೆ. 2025ರಿಂದ ಆ ಹೆಸರಿನ ಕೊನೆಗೆ ಒಂದು ಗುರುತಿನ ಅಕ್ಷರವೂ ಇರುತ್ತದೆ: ವಹಿವಾಟಿಗೆ ಟಿ, ಸೇವೆಗೆ ಎಸ್, ಜಾಹೀರಾತಿಗೆ ಪಿ, ಸರ್ಕಾರಕ್ಕೆ ಜಿ. ಪಿ ಇರುವುದರಲ್ಲಿ ಒಟಿಪಿ ಎಂದು ಬಂದರೆ ನಂಬಬೇಡಿ. ಬ್ಯಾಂಕಿನ ವೆಬ್‌ಸೈಟ್ ವಿಳಾಸವೂ ಈಗ "ಡಾಟ್ ಬ್ಯಾಂಕ್ ಡಾಟ್ ಇನ್" ಎಂದು ಮುಗಿಯಬೇಕು.

ನೀವು ಕೇಳದೆಯೇ ಒಟಿಪಿ ಬಂದರೆ ನಿಮ್ಮ ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕಿರಬಹುದು. ಒಟಿಪಿ ಯಾರಿಗೂ ಹೇಳಬೇಡಿ, ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೂ ಅದೇ ಹೊತ್ತಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ನಿಮ್ಮ ತಪ್ಪಿಲ್ಲದೆ ಹೊರಗಿನವರಿಂದ ಆದ ವಂಚನೆಯನ್ನು 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ಒಟಿಪಿಯನ್ನು ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದು ನಿಮ್ಮದೇ ನಷ್ಟ.

ಹಂತ 8: ಬೇರೆ ದಾರಿ, ಮತ್ತು ದೂರು

ಸಿಗ್ನಲ್ಲೇ ಇಲ್ಲದ ಊರಿನವರು ಎಸ್ಸೆಮ್ಮೆಸ್ಸನ್ನೇ ನೆಚ್ಚಿಕೊಂಡು ಕೂರಬೇಕಿಲ್ಲ. ಕೆಲವು ಬ್ಯಾಂಕುಗಳು ಇಮೇಲಿಗೂ ಒಟಿಪಿ ಕಳಿಸುತ್ತವೆ, ಇನ್ನು ಕೆಲವು ಆ್ಯಪಿನೊಳಗೇ ಅಂಕೆ ಹುಟ್ಟಿಸುತ್ತವೆ. ಸ್ಟೇಟ್ ಬ್ಯಾಂಕಿನ ಸೆಕ್ಯೂರ್ ಒಟಿಪಿ ಆ್ಯಪ್ ಇಂಥದ್ದು. ಇದನ್ನು ಸಿಗ್ನಲ್ ಇರುವ ಜಾಗದಲ್ಲಿ ಒಮ್ಮೆ ನೋಂದಾಯಿಸಿಕೊಳ್ಳಬೇಕು, ಫೋನಿನ ಗಡಿಯಾರ ಆಟೋ ಮೇಲಿರಬೇಕು. 2026ರ ಏಪ್ರಿಲ್ 1ರಿಂದ ಜಾರಿಯ ರಿಸರ್ವ್ ಬ್ಯಾಂಕ್ ನಿರ್ದೇಶನದಲ್ಲಿ ಎಸ್ಸೆಮ್ಮೆಸ್ ಒಟಿಪಿ ಹಲವು ದಾರಿಗಳಲ್ಲಿ ಒಂದು, ಅದೊಂದೇ ಅಲ್ಲ. ಶಾಖೆಗೆ ಹೋದಾಗ "ನಿಮ್ಮಲ್ಲಿ ಬೇರೆ ಯಾವ ವ್ಯವಸ್ಥೆ ಇದೆ" ಎಂದು ಕೇಳಿ. ಕೇಳಿದವರಿಗೆ ಮಾತ್ರ ಸಿಗುವ ಸೌಲಭ್ಯ ಇದು.

ಎಲ್ಲ ಮಾಡಿಯೂ ಆಗದಿದ್ದರೆ ದೂರನ್ನು ಬರಹದಲ್ಲೇ ಕೊಡಿ. ಹಾಳೆಯಲ್ಲಿ ಬರೆದಿಟ್ಟ ದಿನಾಂಕ, ಗಂಟೆ, ಪರದೆಯಲ್ಲಿ ಕಂಡ ಕೊನೆಯ ಅಂಕೆಗಳು, ಮೂರು ಪರೀಕ್ಷೆಗಳ ಫಲ, ಮೊಬೈಲ್ ಕಂಪನಿ ಕೊಟ್ಟ ದೂರಿನ ಸಂಖ್ಯೆ ಎಲ್ಲ ಸೇರಿಸಿ. ಖಾತೆ ನಂಬರಿನ ಕೊನೆಯ ನಾಲ್ಕು ಅಂಕೆ ಸಾಕು. ಪಾಸ್‌ವರ್ಡ್, ಪಿನ್ ಬರೆಯಲೇಬೇಡಿ. "ಸಾದಾ ಮೆಸೇಜು ಬರುತ್ತಿದೆ, ಬೇರೆ ಫೋನಿನಲ್ಲಿ ಹಾಕಿ ನೋಡಿದ್ದೇನೆ, ನಿಮ್ಮ ಒಟಿಪಿ ಮಾತ್ರ ಬರುತ್ತಿಲ್ಲ" ಎಂಬ ಸಾಲಿದ್ದರೆ "ನಿಮ್ಮ ನೆಟ್‌ವರ್ಕ್ ಸರಿಯಿಲ್ಲ" ಎಂದು ತಳ್ಳಿಹಾಕಲು ಬರುವುದಿಲ್ಲ. ಒಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿ ಇಟ್ಟುಕೊಳ್ಳಿ.

30 ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448. ಸೀಲು ಬಿದ್ದ ಆ ಪ್ರತಿಯನ್ನು ಅಲ್ಲಿ ಮೊದಲು ಕೇಳುತ್ತಾರೆ.